ಚಂದ್ರಗುತ್ತಿಗೆ ನೋಡಲು ಬಂದವರು

ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಗೆ ಹಣ್ಣುಕಾಯಿ ಮಾಡಿಸಿ ಶಿರಾಳಕೊಪ್ಪದ ಬಸ್ಸು ಹತ್ತಿದರೆ ಬಳ್ಳಿಗಾವಿ ದೂರವಿಲ್ಲ. ಕೇದಾರೇಶ್ವರನ ಗುಡಿ ನೋಡಿಕೊಳ್ಳಿ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕು. ಆಮೇಲೆ ಸೊರಬದ ಮೇಲೆ ಚಂದ್ರಗುತ್ತಿ. ನಾನು ಹೇಳಬೇಕೆಂದಿರುವುದು ಅಲ್ಲಿಯ ಮಾತು.

ಬೆಟ್ಟದ ಗುಹೆಯಲ್ಲಿ ರೇಣುಕಾಂಬೆ ಇದ್ದಾಳೆ. ನಮ್ಮ ಕಡೆ ಜನ ಗುತ್ತ್ಯಮ್ಮ ಅಂತಾರೆ. ಹಿಂದೆ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬಾಯಲ್ಲಿ ಬೇವಿನೆಸಳು ಕಚ್ಚಿ, ಬೆತ್ತಲೆಯಾಗಿ ಗುಡಿಗೆ ನಡೆಯುತ್ತಿದ್ದರು. ಹೆಚ್ಚಿನವರು ಬಡವರು, ಕೆಳಜಾತಿಯವರು. ಮಗುವಿನ ಜ್ವರವೋ, ಬಂಜೆತನದ ಬೈಗುಳವೋ, ಹರಕೆಗೆ ಕಾರಣ ಏನಾದರೂ ಇರುತ್ತದಲ್ಲ? ಅದನ್ನು ನಾನು ಸರಿ ಎನ್ನುವುದಿಲ್ಲ. ಆದರೆ ಸುತ್ತ ಇದ್ದವರೂ ಹರಕೆಯವರೇ ಆಗಿದ್ದಾಗ, ಅಲ್ಲಿ ನಿಂತು ನೋಡುವವರು ಬೇರೆ ಇರಲಿಲ್ಲ.

ಪತ್ರಿಕೆಗಳಲ್ಲಿ ಚಿತ್ರ ಬಂದ ಮೇಲೆ ಲೆಕ್ಕವೇ ತಪ್ಪಿತು. ಹರಕೆಯೂ ಇಲ್ಲದ, ಭಕ್ತಿಯೂ ಇಲ್ಲದ ಗಂಡಸರು ಕ್ಯಾಮೆರಾ ತೂಗುಹಾಕಿಕೊಂಡು ಬಂದರು. ಕೆಳಗೆ 'ಎಂಥ ನಾಚಿಕೆಗೇಡು' ಎಂದು ಬರೆದರು, ಮೇಲೆ ಅದೇ ಚಿತ್ರ ಅಚ್ಚುಹಾಕಿದರು! ನಾಚಿಕೆ ಯಾರದು, ನೀವೇ ಹೇಳಿ.

ದಲಿತ ಸಂಘರ್ಷ ಸಮಿತಿಯವರು ಇದನ್ನು ನಿಲ್ಲಿಸಲು ಹೋರಾಡಿದರು. ಅವರ ಕಾಳಜಿ ಬೇರೆ, ಚಿತ್ರ ತೆಗೆಯುವವರ ಆಸೆ ಬೇರೆ. ನದಿದಂಡೆಯಲ್ಲಿ ನಿಂತ ಹೆಂಗಸಿಗೆ ಮಾತ್ರ ಇಬ್ಬರೂ ಹೊರಗಿನವರೇ. 1986ರ ಮಾರ್ಚಿಯಲ್ಲಿ ಸಿಟ್ಟು ಒಡೆದು, ಭಕ್ತರು ಕಾರ್ಯಕರ್ತರನ್ನೂ ಪೊಲೀಸರನ್ನೂ ಪತ್ರಕರ್ತರನ್ನೂ ಹಿಡಿದು ಅವರ ಬಟ್ಟೆಯನ್ನೇ ಕಿತ್ತರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಅದು ಘೋರವೇ ಸರಿ. ಪಾಪ, ಕೆಲಸಕ್ಕೆ ಬಂದ ಆ ಹೆಣ್ಣುಮಕ್ಕಳು ಏನು ಮಾಡಿದ್ದರು? ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ನಿಂತದ್ದು ಒಳ್ಳೆಯದೇ. ಹರಕೆ ಹೊರಿಸುವ ಕಷ್ಟ ನಿಂತಿತೇ ಎಂಬುದು ಬೇರೆ ಪ್ರಶ್ನೆ.

ಈಗ ಕೋಟೆ ಹತ್ತುವವರು, ಮೊಬೈಲಿನವರು ಬರುತ್ತಾರೆ. ಬಂದವರಿಂದ ಹೂಕಾಯಿ ಅಂಗಡಿಗೆ ನಾಲ್ಕು ಕಾಸು, ಅದೂ ಬೇಕು. ಆದರೆ ಯಾರಾದರೂ ಮೇಲೆ ಬೆರಳು ತೋರಿ, 'ಆಗ ಇಲ್ಲೇ ಅಲ್ವೇ ಅದು?' ಎಂದು ಕೇಳಿದರೆ ಊರಿನ ಹೆಂಗಸರಿಗೆ ಹೇಗಾಗಬೇಡ? ಅವರ ಊರಿಗೆ ಅದೊಂದೇ ಗುರುತೇ?

ನೀವು ಹೋಗುವುದಾದರೆ ಬಿಸಿಲೇರುವ ಮುನ್ನ ಬೆಟ್ಟ ಹತ್ತಿ. ನೀರು, ಮೊಸರನ್ನದ ಬುತ್ತಿ ಜೊತೆಗಿರಲಿ. ಕೈಮುಗಿದು ನಿಂತವರ ಚಿತ್ರ ತೆಗೆಯಬೇಕೆನಿಸಿದರೆ ಮೊದಲು ಅವರನ್ನೇ ಕೇಳಿ.