ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ

ಲಂಡನ್ನಿಗೆ ಓದಲು ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಣ್ಣದೊಂದು ಕುಕ್ಕರು, ದಪ್ಪನೆಯ ಸ್ವೆಟರು. ಚಳಿಯ ಬಗ್ಗೆ ನೆಂಟರಿಷ್ಟರೆಲ್ಲ ಎಚ್ಚರಿಕೆ ಹೇಳಿರುತ್ತಾರೆ. ಕತ್ತಲೆಯ ಬಗ್ಗೆ ಮಾತ್ರ ಯಾರೂ ಹೇಳಿರುವುದಿಲ್ಲ.

ಲಂಡನ್ ಇರುವುದು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಹೈಸ್ಕೂಲಿನ ಭೂಗೋಳದ ಲೆಕ್ಕ ಇಲ್ಲಿ ಸಾಕು. 90ರಿಂದ ಅಕ್ಷಾಂಶವನ್ನೂ, ಉಳಿದುದರಿಂದ 23.5ನ್ನೂ ಕಳೆದರೆ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆಂದು ತಿಳಿಯುತ್ತದೆ. ಬೆಂಗಳೂರಿಗೆ 53.5 ಡಿಗ್ರಿ, ಲಂಡನ್ನಿಗೆ ಬರೇ 15. ಅಂದು ಅಲ್ಲಿ ಬೆಳಗಾಗುವುದು ಎಂಟು ಗಂಟೆ ದಾಟಿದ ಮೇಲೆ, ಸೂರ್ಯ ಮುಳುಗುವುದು ನಾಲ್ಕಕ್ಕೆ ಏಳು ನಿಮಿಷ ಮುಂಚೆ. ಮೋಡವಿದ್ದರೆ, ಸಾಮಾನ್ಯವಾಗಿ ಇದ್ದೇ ಇರುತ್ತದೆ, ಆ ಎಂಟು ಗಂಟೆಯೂ ಮುಸ್ಸಂಜೆಯಂತೆಯೇ.

ಮಕ್ಕಳು ಹೋಗಿ ಇಳಿಯುವುದು ಸೆಪ್ಟೆಂಬರಿನಲ್ಲಿ. ಆಗ ಹಗಲು ರಾತ್ರಿ ಸಮ, ಎಲ್ಲವೂ ಚೆಂದ. ಅಲ್ಲಿಂದಾಚೆಗೆ ದಿನಕ್ಕೆ ಸುಮಾರು ನಾಲ್ಕು ನಿಮಿಷದಂತೆ ಹಗಲು ಕರಗುತ್ತ ಹೋಗುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಪಾಠ ಮುಗಿಸಿ ಐದು ಗಂಟೆಗೆ ಹೊರಬಂದ ಹುಡುಗನಿಗೆ ಕಾಣುವುದು ಬೀದಿದೀಪ. ಮನೆಗೆ ಫೋನು ಮಾಡೋಣವೆಂದರೆ ಊರಿನಲ್ಲಿ ರಾತ್ರಿ ಹತ್ತೂವರೆ. ಅಪ್ಪ ಮಲಗಿರುತ್ತಾರೆ, ಅಮ್ಮ ತೂಕಡಿಸುತ್ತ ಕಾದಿರುತ್ತಾರೆ. 'ಊಟ ಆಯ್ತಾ?' 'ಆಯ್ತಮ್ಮ.' ಅಲ್ಲಿಗೆ ಮಾತು ಮುಗಿಯುತ್ತದೆ. ಮಗ ಮಂಕಾಗಿದ್ದಾನೆ ಎಂದು ಅನ್ನಿಸಿದಾಗ ಮನೆಯವರು ಅದನ್ನು ಓದಿನ ಒತ್ತಡವೆಂದೋ ಸಹವಾಸದೋಷವೆಂದೋ ತಿಳಿಯುವುದುಂಟು. ಮೊದಲು ಪಂಚಾಂಗ ನೋಡುವುದು ಮೇಲು. ಸೂರ್ಯನ ಬೆಳಕು ಕಡಿಮೆಯಾದರೆ ನಿದ್ದೆಯ ಲಯವೂ ಮನಸ್ಸೂ ಕುಗ್ಗುವುದು ವೈದ್ಯರು ಒಪ್ಪಿದ ಸಂಗತಿ. ಓರೆಯಾಗಿ ಬರುವ ಕಿರಣ ದಪ್ಪನೆಯ ವಾತಾವರಣವನ್ನು ಹಾದುಬರಬೇಕಾದ್ದರಿಂದ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಬೇಕಾದ ನೇರಳಾತೀತ ಅಂಶ ದಾರಿಯಲ್ಲೇ ಸೋರಿಹೋಗುತ್ತದೆ. ಅಲ್ಲಿನ ಆರೋಗ್ಯ ಇಲಾಖೆಯೇ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವವನ್ನು ಸೂಚಿಸುತ್ತದೆ. ನಮ್ಮಂಥ ಕಂದುಮೈಯವರು ವರ್ಷವಿಡೀ ತೆಗೆದುಕೊಳ್ಳುವ ಯೋಚನೆ ಮಾಡಬೇಕೆನ್ನುತ್ತದೆ.

ಇದಕ್ಕಿಂತ ಭಾರವಾದದ್ದು ಹಣದ ಲೆಕ್ಕ. ಲಂಡನ್ನಿನಲ್ಲಿ ಓದುವವರು ವೀಸಾಕ್ಕಾಗಿ, ಶುಲ್ಕವಲ್ಲದೆ, ತಿಂಗಳಿಗೆ 1,529 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ ತೋರಿಸಬೇಕೆಂಬುದು 2025ರ ನವೆಂಬರಿನಲ್ಲಿ ಬಂದ ನಿಯಮ. ಈ ಮೊತ್ತವನ್ನು ಕೈಗಡ ತಂದು ಖಾತೆಗೆ ಹಾಕಿ, ವೀಸಾ ಬಂದೊಡನೆ ಹಿಂದಿರುಗಿಸುವ ಮನೆಗಳುಂಟು. 'ಹೇಗೂ ಪಾರ್ಟ್ ಟೈಮ್ ಕೆಲಸ ಸಿಗುತ್ತದೆ' ಎಂಬ ಧೈರ್ಯ. ಪದವಿ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿಯಿಲ್ಲ. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು. ಗುಣಿಸಿ ನೋಡಿ: ಪ್ರತಿ ವಾರವೂ ಪೂರ್ತಿ ಕೆಲಸ ಸಿಕ್ಕರೂ ತಿಂಗಳಿಗೆ ಸಾವಿರದ ಆಸುಪಾಸು. ಬಾಡಿಗೆ, ಊಟ, ಬಸ್ಸಿಗೇ ಅದು ಸಾಲದು, ಇನ್ನು ಶುಲ್ಕದ ಮಾತೆಲ್ಲಿ! ಮನೆ, ಜಮೀನು ಅಡವಿಡುವ ಮುಂಚೆ ತಂದೆಯೂ ಮಗಳೂ ಒಟ್ಟಿಗೆ ಕುಳಿತು ಮಾಡಬೇಕಾದ ಲೆಕ್ಕ ಇದು. ಕೋಣೆಯನ್ನು ಕಣ್ಣಾರೆ ಕಾಣದೆ ಮುಂಗಡ ಕಳಿಸಬಾರದು ಎಂಬುದನ್ನೂ ಇದರ ಜೊತೆಗೇ ಬರೆದಿಟ್ಟುಕೊಳ್ಳಬೇಕು.

ವೀಸಾ ಜೊತೆಗೆ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡು. ಅಷ್ಟು ಕಟ್ಟಿಯೂ ಜಿ.ಪಿ. ಎಂದು ಕರೆಯುವ ಬಡಾವಣೆಯ ವೈದ್ಯರಲ್ಲಿ ಹೆಸರು ನೋಂದಾಯಿಸದೆ, ಜ್ವರ ಬಂದಾಗ ಊರಿನಿಂದ ತಂದ ಮಾತ್ರೆ ನುಂಗುವವರೇ ಬಹಳ. ನೋಂದಣಿಗೆ ಕಾಸಿಲ್ಲ. ಹೋದ ಮೊದಲ ವಾರವೇ ಮಾಡಿಕೊಳ್ಳತಕ್ಕದ್ದು.

ಕೈ ಬಿಗಿಯಾಗಿದ್ದರೂ ನೋಡಲು ಆ ಊರಿನಲ್ಲಿ ಕೊರತೆಯಿಲ್ಲ. ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ 2001ರಿಂದ ಪ್ರವೇಶ ಉಚಿತ. ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಸಂಗ್ರಹಾಲಯವೊಂದಕ್ಕೇ ನಾಲ್ಕು ಭಾನುವಾರ ಬೇಕು. ಗ್ರೀನಿಚ್ಚಿನ ವೀಕ್ಷಣಾಲಯಕ್ಕೆ ಟಿಕೆಟ್ಟುಂಟು. ಆದರೆ ಗುಡ್ಡ ಹತ್ತುವುದಕ್ಕಿಲ್ಲ. 1884ರಲ್ಲಿ ಜಗತ್ತಿನ ಸೊನ್ನೆ ರೇಖಾಂಶವೆಂದು ಗೊತ್ತುಮಾಡಿದ ಗೆರೆ ಅಲ್ಲಿಯದೇ. ಕೈಯಲ್ಲಿರುವ ಮೊಬೈಲು ಮಾತ್ರ ಸೊನ್ನೆಯನ್ನು 102 ಮೀಟರು ಪೂರ್ವಕ್ಕೆ ತೋರಿಸುತ್ತದೆ. ಏಕೆಂದು ಹುಡುಕುತ್ತ ಹೋದರೆ ಒಂದು ಸೆಮಿಸ್ಟರಿನ ಭೌತಶಾಸ್ತ್ರವೇ ಸಿಕ್ಕೀತು.

ಸೋಹೋದ ಬ್ರಾಡ್‌ವಿಕ್ ಬೀದಿಯಲ್ಲಿ ಹಿಡಿಯಿಲ್ಲದ ಒಂದು ಬೋರ್‌ಪಂಪು ನಿಂತಿದೆ. ಪ್ರವಾಸಿಗಳು ಅದರತ್ತ ತಿರುಗಿಯೂ ನೋಡುವುದಿಲ್ಲ. 1854ರಲ್ಲಿ ಆ ಓಣಿಗಳಲ್ಲಿ ಕಾಲರಾ ಬಂದು ಆರುನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಜಾನ್ ಸ್ನೋ ಎಂಬ ವೈದ್ಯ ಮನೆಮನೆಗೆ ಹೋಗಿ ಸತ್ತವರು ಎಲ್ಲಿಯ ನೀರು ಕುಡಿದಿದ್ದರೆಂದು ವಿಚಾರಿಸಿದ. ಪಕ್ಕದ ಬಿಯರ್ ಕಾರ್ಖಾನೆಯ ಆಳುಗಳು ನೀರು ಮುಟ್ಟದೆ ಬದುಕಿಕೊಂಡಿದ್ದರು. ದೂರದ ಹ್ಯಾಂಪ್‌ಸ್ಟೆಡ್‌ನ ವಿಧವೆಯೊಬ್ಬಳು ಇದೇ ಪಂಪಿನ ನೀರಿನ ರುಚಿ ಹಿಡಿದು ದಿನಾ ತರಿಸಿಕೊಂಡು ಸತ್ತಿದ್ದಳು. ಸ್ನೋನ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು. ಕಾಲರಾದ ಬ್ಯಾಕ್ಟೀರಿಯಾ ಇನ್ನೂ ಯಾರಿಗೂ ನಿಶ್ಚಿತವಾಗಿ ತಿಳಿದಿರಲಿಲ್ಲ. ವಿಚಾರಣೆಯಿಂದಲೇ ಆತ ಅಷ್ಟು ದೂರ ಹೋದ. ಈಗಿನದು ಪ್ರತಿಕೃತಿ. ಹತ್ತಿರದಲ್ಲೇ ಅವನ ಹೆಸರಿನ ಮದ್ಯದಂಗಡಿಯೂ ಇದೆ. ಬಹುಕಾಲ ಮದ್ಯ ಮುಟ್ಟದವನಿಗೆ ಎಂಥ ಸ್ಮಾರಕ!

ಅಲ್ಲಿಂದ ಸ್ವಲ್ಪವೇ ನಡೆದರೆ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವನು, 1812ರಲ್ಲಿ ಯಾರೋ ಕೊಟ್ಟ ಟಿಕೆಟ್ಟಿನಲ್ಲಿ ಇಲ್ಲಿಗೆ ಬಂದು ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ. ಬರೆದುಕೊಂಡದ್ದನ್ನು ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲೇ ಸಹಾಯಕನಾದ. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ತೋರಿಸಿದ ತಂತಿ ಸುತ್ತಿದ ಉಂಗುರ ಇಂದಿಗೂ ಆ ಕಟ್ಟಡದಲ್ಲಿದೆ. 1897ರಲ್ಲಿ ಜಗದೀಶಚಂದ್ರ ಬೋಸರು ಉಪನ್ಯಾಸ ಕೊಟ್ಟದ್ದೂ ಇದೇ ಸಂಸ್ಥೆಯಲ್ಲಿ.

ಊರಿನ ನೆನಪು ಜೋರಾದಾಗ ಈಸ್ಟ್ ಹ್ಯಾಮಿನ ಹೋಟೆಲುಗಳಲ್ಲಿ ದೋಸೆ ಸಿಗುತ್ತದೆ, ಅಂಗಡಿಗಳಲ್ಲಿ ಕರಿಬೇವೂ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ನದಿಯಾಚೆಯ ಪಾರ್ಲಿಮೆಂಟಿನ ಸಮೀಪದಲ್ಲೇ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ಕನ್ನಡ ಬಳಗದವರ ಯುಗಾದಿ, ದೀಪಾವಳಿ ಕೂಟಗಳಿಗೆ ನಾಚಿಕೊಂಡು ಹೋಗದೇ ಉಳಿಯುವ ಮಕ್ಕಳಿಗೆ ಮನೆಯವರೇ ಒತ್ತಾಯ ಮಾಡಿದರೆ ತಪ್ಪಿಲ್ಲ.

ಫೆಬ್ರವರಿ ಅರ್ಧಕ್ಕೆ ಬರುವಷ್ಟರಲ್ಲಿ ಸೂರ್ಯಾಸ್ತ ಐದು ಗಂಟೆ ದಾಟುತ್ತದೆ. ಮಾರ್ಚಿಯ ಕೊನೆಯ ಭಾನುವಾರ ಗಡಿಯಾರ ಮತ್ತೆ ಮುಂದಕ್ಕೆ. ಊರಿಗೂ ಅಲ್ಲಿಗೂ ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ. ಆಗ ಇಲ್ಲಿ ನಡುರಾತ್ರಿ ಕಳೆದು ಎರಡು ಗಂಟೆಯ ಸಮಯ. ಮಗಳು ಪಾರ್ಕಿನ ಹುಲ್ಲಿನ ಮೇಲೆ ಕುಳಿತು ಬಿಸಿಲು ಕಾಯಿಸುತ್ತಿದ್ದಳೆಂಬುದು ಮನೆಯವರಿಗೆ ತಿಳಿಯುವುದು ಮಾರನೆಯ ದಿನದ ಫೋನಿನಲ್ಲಿ.