ಕಣ್ಣಿಗಿಂತ ಮೊದಲು ಕಿವಿ

ಸಿನೆಮಾದ ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಅದನ್ನು ನೋಡಬಹುದೇ, ನೋಡಬಾರದೇ? ಕತೆ ಒಳ್ಳೆಯದೇ, ಕೆಟ್ಟದ್ದೇ? ಮೂರನೆಯ ಪ್ರಶ್ನೆಯೊಂದನ್ನು ನಾವು ಕೇಳುವುದೇ ಇಲ್ಲ: ಸಿನೆಮಾ ನಮ್ಮೊಡನೆ ಹೇಗೆ ಮಾತನಾಡುತ್ತದೆ? ನನಗೆ ಮುಖ್ಯವೆನಿಸಿದ್ದು ಈ ಪ್ರಶ್ನೆಯೇ. ಏಕೆಂದರೆ ಕತೆ ನಮ್ಮ ಬುದ್ಧಿಯ ಬಾಗಿಲು ತಟ್ಟಿ ಬರುತ್ತದೆ. ಬೆಳಕು, ನೆರಳು, ಸದ್ದುಗಳು ತಟ್ಟದೆಯೇ ಒಳಗೆ ಬಂದು ಕೂತಿರುತ್ತವೆ.

ಈ ಭಾಷೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಇರಾನಿನ ಮಜೀದ್ ಮಜೀದಿಯವರ 'ದಿ ಕಲರ್ ಆಫ್ ಪ್ಯಾರಡೈಸ್' (1999) ಚಿತ್ರದಲ್ಲಿ. ಚಿತ್ರ ಆರಂಭವಾಗುವಾಗ ಪರದೆ ಕಪ್ಪಗಿರುತ್ತದೆ. ಬರೀ ಸದ್ದು. ಟೆಹರಾನಿನ ಅಂಧ ಮಕ್ಕಳ ಶಾಲೆಯಲ್ಲಿ ಗುರುಗಳು ಒಂದೊಂದೇ ಕ್ಯಾಸೆಟ್ ಹಾಕುತ್ತಾರೆ, ಮಕ್ಕಳು ಇದು ನನ್ನದು ಎಂದು ಗುರುತಿಸುತ್ತಾರೆ. ಕಣ್ಣಿರುವ ನಾವು ಆ ಕೆಲವು ಕ್ಷಣ ಕತ್ತಲಲ್ಲಿ ಕೂತು ಆ ಮಕ್ಕಳಂತೆಯೇ ಕಿವಿಗೊಡುತ್ತೇವೆ. ಯಾವ ಉಪದೇಶವೂ ಇಲ್ಲದೆ ನಿರ್ದೇಶಕರು ನಮ್ಮನ್ನು ಅವರ ಪಕ್ಕದಲ್ಲಿ ಕೂರಿಸಿರುತ್ತಾರೆ. ಮುಂದೆ ಬಾಲಕ ಮುಹಮ್ಮದ್ ಗೂಡಿನಿಂದ ಬಿದ್ದ ಹಕ್ಕಿಮರಿಯ ಚಿಲಿಪಿಲಿಯನ್ನೇ ಹಿಡಿದು ಹೋಗಿ, ತರಗೆಲೆಗಳಲ್ಲಿ ತಡಕಾಡಿ ಅದನ್ನು ಎತ್ತಿಕೊಳ್ಳುತ್ತಾನೆ. ಮರ ಹತ್ತಿ ಗೂಡಿಗೆ ಸೇರಿಸುತ್ತಾನೆ. ಕ್ಯಾಮರಾ ಅವನ ಬೆರಳುಗಳ ಹತ್ತಿರಕ್ಕೆ ಹೋಗುತ್ತದೆ. ಅವನ ಪಾಲಿಗೆ ಬೆರಳುಗಳೇ ಕಣ್ಣು. ಆ ಪಾತ್ರ ಮಾಡಿದ ಮುಹ್ಸಿನ್ ರಮಝಾನಿ ನಿಜಜೀವನದಲ್ಲೂ ಅಂಧ ಬಾಲಕ.

ಚೌಕಟ್ಟು, ಕೋನ, ಬೆಳಕು ಇವು ಚಿತ್ರಿಕೆಯ ಮೂಲಪಾಠಗಳು. ದೂರದಿಂದ ತೆಗೆದ ಚಿತ್ರಿಕೆಯಲ್ಲಿ ಮನುಷ್ಯ ಗುಂಪಿನಲ್ಲಿ ಒಬ್ಬ. ಸಮೀಪದ ಚಿತ್ರಿಕೆಯಲ್ಲಿ ಅವನಿಗೊಂದು ಮುಖವಿದೆ, ದುಃಖವಿದೆ. ಕ್ಯಾಮರಾವನ್ನು ಕೆಳಗಿಟ್ಟು ಮೇಲಕ್ಕೆ ನೋಡಿದರೆ ಪಾತ್ರ ದೊಡ್ಡದಾಗುತ್ತದೆ, ಮೇಲಿನಿಂದ ನೋಡಿದರೆ ಕುಗ್ಗುತ್ತದೆ. ಬೆಳಕು ಒಂದೇ ಬದಿಯಿಂದ ಬಿದ್ದರೆ ಅರ್ಧ ಮುಖ ಕತ್ತಲಾಗಿ ಅನುಮಾನ ಹುಟ್ಟುತ್ತದೆ. ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ಚಿತ್ರದಲ್ಲಿ ಕ್ಯಾಮರಾ ಮಕ್ಕಳ ಎತ್ತರಕ್ಕೆ ಇಳಿದು ಕಾಲುಗಳನ್ನು, ಹಳೆಯ ಶೂಗಳನ್ನು ನೋಡುತ್ತದೆ. ಬಡತನ ಎಂಬ ಪದದ ಅಗತ್ಯವೇ ಬೀಳುವುದಿಲ್ಲ.

ಇನ್ನು ಸದ್ದು. ಸತ್ಯಜಿತ್ ರೇಯವರ 'ಪಥೇರ್ ಪಾಂಚಾಲಿ'ಯಲ್ಲಿ (1955) ಊರಿಗೆ ಮರಳಿದ ಹರಿಹರ ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಮಗಳು ಸತ್ತಿರುವುದು ಅವನಿಗೆ ತಿಳಿಯದು. ತಾಯಿ ಸರ್ಬಜಯಾ ಕುಸಿದು ಅಳುತ್ತಾಳೆ. ಆದರೆ ನಮಗೆ ಅವಳ ಅಳು ಕೇಳಿಸುವುದಿಲ್ಲ, ಅದರ ಜಾಗದಲ್ಲಿ ತಾರ್‌ಶಹನಾಯಿಯ ಎತ್ತರದ ಸ್ವರ ಕೇಳಿಸುತ್ತದೆ. ಒಂದು ಸದ್ದನ್ನು ತೆಗೆದು ಇನ್ನೊಂದನ್ನು ಇಟ್ಟಾಗ ಒಬ್ಬ ತಾಯಿಯ ದುಃಖ ಎಲ್ಲ ತಾಯಂದಿರದೂ ಆಯಿತು.

ಇದೇ ಉಪಕರಣಗಳು ಬೇರೆ ಕೆಲಸಕ್ಕೂ ಬರುತ್ತವೆ. ರಷ್ಯಾದ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆಯೇ ಒಂದು ಪ್ರಯೋಗ ಮಾಡಿದ್ದರು. ಒಬ್ಬ ನಟನ ಭಾವರಹಿತ ಮುಖದ ಪಕ್ಕದಲ್ಲಿ ಸೂಪಿನ ತಟ್ಟೆಯನ್ನು ಜೋಡಿಸಿದರೆ ಪ್ರೇಕ್ಷಕರಿಗೆ ಆ ಮುಖದಲ್ಲಿ ಹಸಿವು ಕಂಡಿತು, ಶವಪೆಟ್ಟಿಗೆಯನ್ನು ಜೋಡಿಸಿದರೆ ದುಃಖ ಕಂಡಿತು. ಮುಖ ಮಾತ್ರ ಅದೇ. ನಮ್ಮ ಎಷ್ಟೋ ಜನಪ್ರಿಯ ಚಿತ್ರಗಳಲ್ಲಿ ಗಡ್ಡದ ಮುಖದ ಪಕ್ಕದಲ್ಲಿ ಏನನ್ನು ಜೋಡಿಸಲಾಗುತ್ತದೆ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ. ಟೋಪಿ, ಸುರ್ಮಾ, ಇಕ್ಕಟ್ಟಾದ ಓಣಿ, ಹಸಿರು ಬೆಳಕು, ಹಿನ್ನೆಲೆಯಲ್ಲಿ ಅಝಾನ್, ಅದರ ಬೆನ್ನಿಗೇ ಎದೆ ಬಡಿಯುವ ಸಂಗೀತ. ದಿನಕ್ಕೆ ಐದು ಬಾರಿ ನನಗೆ ನೆಮ್ಮದಿ ಕೊಡುವ ಕರೆ ಅಲ್ಲಿ ಅಪಾಯದ ಮುನ್ಸೂಚನೆ.

ಇಂತಹ ದೃಶ್ಯ ಬಂದಾಗ ನಾನು ಅದನ್ನು ಮತ್ತೆ ಎರಡು ಬಾರಿ ನೋಡುತ್ತೇನೆ. ಒಮ್ಮೆ ಸದ್ದು ನಿಲ್ಲಿಸಿ, ಇನ್ನೊಮ್ಮೆ ಕಣ್ಣು ಮುಚ್ಚಿ. ಸದ್ದು ನಿಂತೊಡನೆ ಆ ಓಣಿಯಲ್ಲಿ ಭಯ ಉಳಿಯುವುದಿಲ್ಲ. ಟೋಪಿ ಹಾಕಿದ ಒಬ್ಬ ಮನುಷ್ಯ ಸುಮ್ಮನೆ ನಡೆದು ಹೋಗುತ್ತಿರುತ್ತಾನೆ. ಬಹುಶಃ ಹಾಲು ತರಲು.

ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಈ ವಿಷಯವನ್ನೇ ಕತೆಯೊಳಗೆ ತಂದ ಚಿತ್ರ. ವೈದೇಹಿಯವರ ಕತೆಯನ್ನು ಆಧರಿಸಿದ ಇದರಲ್ಲಿ ಗುಲಾಬಿ ಕರಾವಳಿಯ ಮುಸ್ಲಿಮ್ ಸೂಲಗಿತ್ತಿ. ಆ ಪಾತ್ರಕ್ಕಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅವಳ ಮನೆಗೆ ಬಂದ ಬಣ್ಣದ ಟಿವಿ ನೆರೆಹೊರೆಯ ಹೆಂಗಸರನ್ನು ಒಂದೆಡೆ ಕೂರಿಸುತ್ತದೆ. 1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಊರು ಅವಳನ್ನು ಅನ್ಯಳಂತೆ ನೋಡತೊಡಗುತ್ತದೆ. ಆದರೆ ಕ್ಯಾಮರಾ ಅವಳ ಪಕ್ಕದಿಂದ ಕದಲುವುದಿಲ್ಲ. ಹಾಗಾಗಿ ನಾವೂ ಕದಲುವುದಿಲ್ಲ.

ಇಂದು ನಮ್ಮ ಹುಡುಗ ಹುಡುಗಿಯರ ಕೈಯಲ್ಲೂ ಮೊಬೈಲ್ ಕ್ಯಾಮರಾ ಇದೆ. ಕಿರುಚಿತ್ರ ಮಾಡುವ ಉತ್ಸಾಹವಿದೆ. ಅವರಲ್ಲಿ ನನ್ನದೊಂದು ವಿನಂತಿ. ನಮ್ಮ ಬಗ್ಗೆ ತಪ್ಪಾಗಿ ತೋರಿಸಿದರು ಎಂದು ದೂರುವುದರ ಜೊತೆಗೆ ಈ ಭಾಷೆಯನ್ನು ಶ್ರದ್ಧೆಯಿಂದ ಕಲಿಯಿರಿ. ಉದ್ದುದ್ದ ಸಂಭಾಷಣೆ ಬರೆಯುವ ಮೊದಲು ನಿಮ್ಮ ಅಡುಗೆಮನೆಯ, ಮಸೀದಿಯ ಹೌಳಿನ ನೀರಿನ ಸದ್ದನ್ನು ಕೇಳಿ. ಅಜ್ಜಿಯ ಕೈಯನ್ನು ಹತ್ತಿರದಿಂದ ನೋಡಿ. ಹಾಗೆಯೇ ಇನ್ನೊಬ್ಬರ ಮುಖದ ಪಕ್ಕದಲ್ಲಿ ನೀವೇನು ಜೋಡಿಸುತ್ತಿದ್ದೀರಿ ಎಂಬುದರ ಎಚ್ಚರವೂ ಇರಲಿ. ನಮಗಾದ ಅನ್ಯಾಯವನ್ನು ನಾವು ಮತ್ತೊಬ್ಬರಿಗೆ ಮಾಡಬಾರದು.

ಪವಿತ್ರ ಕುರ್‌ಆನ್ ಮನುಷ್ಯನಿಗೆ ದೊರೆತ ಅನುಗ್ರಹಗಳನ್ನು ನೆನಪಿಸುವಾಗ (16:78) ಶ್ರವಣವನ್ನು ಮೊದಲು ಹೇಳುತ್ತದೆ, ಬಳಿಕ ದೃಷ್ಟಿ, ಬಳಿಕ ಹೃದಯ. ಇನ್ನೊಂದೆಡೆ (17:36) ಈ ಮೂರರ ಬಗ್ಗೆಯೂ ವಿಚಾರಣೆಯಿದೆ ಎಂದು ಎಚ್ಚರಿಸುತ್ತದೆ. ಸಿನೆಮಾ ಮಾಡುವವನಿಗೂ ನೋಡುವವನಿಗೂ ಈ ಎಚ್ಚರಿಕೆ ಸಮಾನವಾಗಿ ಅನ್ವಯಿಸುತ್ತದೆ ಎಂಬುದು ನನ್ನ ನಂಬಿಕೆ.