ಅಂಗಡಿಯಿಲ್ಲದ ಊರಿಗೆ ಒಂದು ಪೆಟ್ಟಿಗೆ

ಮನೆಯಲ್ಲಿ ನಲ್ಲಿ ಸೋರತೊಡಗಿದರೆ ನಾವು ಮಾಡುವುದು ಎರಡೇ ಕೆಲಸ. ಕೆಳಗೊಂದು ಬಕೆಟ್ ಇಡುವುದು. ಆಮೇಲೆ ಪ್ಲಂಬರನಿಗೆ ಫೋನು ಮಾಡುವುದು. ಅವನು ಬಂದು, ಬೀದಿಯ ತುದಿಯ ಅಂಗಡಿಯಿಂದ ವಾಶರ್ ತಂದು ಹಾಕಿ ಹೋಗುತ್ತಾನೆ. ನಗರವಾಸಿಗಳಾದ ನಮ್ಮ ಪಾಲಿಗೆ ಹತ್ಯಾರವೆಂದರೆ ಇನ್ನೊಬ್ಬರ ಚೀಲದಲ್ಲಿರುವ ವಸ್ತು. ಆದರೆ ಬೀದಿಯೂ ಇಲ್ಲದ, ಅಂಗಡಿಯೂ ಇಲ್ಲದ, ಸುತ್ತಲೂ ಉಪ್ಪುನೀರೇ ಇರುವ ಕಡೆ ವಾರಗಟ್ಟಲೆ ಬಾಳಬೇಕಾದವರು ಏನು ಮಾಡಬೇಕು?

ಹೈದರಾಬಾದಿನಲ್ಲಿ ಕುಳಿತವರಿಗೆ ಸಮುದ್ರದ ಚಿಂತೆ ಏಕೆಂದು ವಾಚಕರು ಕೇಳಬಹುದು. ಕಾರಣವಿದೆ. ನಮ್ಮ ತಂಗಿಯ ಮನೆ ಮಲ್ಪೆಯಲ್ಲಿ. ಅಲ್ಲಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ಏಳೆಂಟು ಜನರನ್ನು ಹೊತ್ತು ಹತ್ತು ದಿನಗಳವರೆಗೂ ನೀರಿನ ಮೇಲೆಯೇ ಇರುತ್ತವೆ. ಅಡುಗೆ, ಊಟ, ನಿದ್ದೆ, ಜಗಳ, ಭಜನೆ ಎಲ್ಲವೂ ಅಲ್ಲಿಯೇ. ಭಾವನವರು ಅಂಥ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಒಂದು ರಾತ್ರಿ ಗಾಳಿ ಎದ್ದ ಹೊತ್ತಿನಲ್ಲಿ ಎಂಜಿನ್ ನಿಂತುಹೋಯಿತು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿಕೊಂಡಿತ್ತು. ಒಂದು ಚಿಕ್ಕ ನಟ್ಟನ್ನು ಸಡಿಲಿಸಿ ಗಾಳಿ ಬಿಟ್ಟರೆ ಮುಗಿಯುವ ಕೆಲಸ. ಪೆಟ್ಟಿಗೆಯಲ್ಲಿ ನಲವತ್ತು ಸ್ಪ್ಯಾನರುಗಳಿದ್ದವು. ಬೇಕಾದದ್ದು ಮಾತ್ರ ತಳದಲ್ಲೆಲ್ಲೋ ತುಕ್ಕು ಹಿಡಿದು ಬೇರೊಂದಕ್ಕೆ ಕಚ್ಚಿಕೊಂಡಿತ್ತು. ಬೆಳಗಾಗುವವರೆಗೆ ಬೋಟು ಅಲೆಯ ಮರ್ಜಿಯಂತೆ ಸಾಗಿತು. ಮರುದಿನ ಇನ್ನೊಂದು ಬೋಟಿನವರು ಹಗ್ಗ ಕಟ್ಟಿ ಎಳೆದು ತಂದರು. ಜೀವಗಳೆಲ್ಲ ಉಳಿದವು. ಆದರೆ ಆ ರಾತ್ರಿಯ ನಂತರ ತಂಗಿ ಗಾಳಿಯ ಸದ್ದಿಗೆ ಎದ್ದು ಕೂರುವುದನ್ನು ಬಿಟ್ಟಿಲ್ಲ.

ಈಗ ಭಾವನವರು ದಡ ಸೇರಿದ್ದಾರೆ. ಮಗ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಹೊರಟು ನಿಂತಿದ್ದಾನೆ. ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗೆ ಕೂರೆಂದು ನಾವು ಗಂಡ ಹೆಂಡತಿ ಇಬ್ಬರೂ ಹೇಳಿ ನೋಡಿದೆವು. "ಮಾವ, ನಿಮ್ಮ ಫೈಲು ನನ್ನಿಂದಾಗದು" ಎಂದು ನಕ್ಕುಬಿಟ್ಟ. ಕೊನೆಗೆ ತಂಗಿಯೇ ಫೋನಿನಲ್ಲಿ, "ಅಣ್ಣ, ಅವನು ಹೋಗುವುದು ಹೌದು. ನೀನು ಬಿ.ಎಸ್ಸಿ. ಓದಿದವನು. ಪೆಟ್ಟಿಗೆಯೊಂದನ್ನು ಸರಿಯಾಗಿ ಮಾಡಿಕೊಡು" ಎಂದಳು. ಬಿ.ಎಸ್ಸಿ. ಪದವಿಗೆ ಇಷ್ಟು ದೊಡ್ಡ ಜವಾಬ್ದಾರಿ ನಮ್ಮ ಕಚೇರಿಯಲ್ಲಿ ಯಾರೂ ವಹಿಸಿರಲಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳ ಮೀನುಗಾರಿಕೆಗೆ ನಿಷೇಧ. ಆ ಬಿಡುವಿನಲ್ಲಿ ಹುಡುಗ ನಮ್ಮಲ್ಲಿಗೆ ಬಂದ. ಸಿಕಂದರಾಬಾದಿನ ರಾಣಿಗಂಜ್ ಹತ್ಯಾರಗಳ ದೊಡ್ಡ ಪೇಟೆ. ಹುಸೇನ್ ಸಾಗರ ಅಲ್ಲಿಂದ ಕೂಗಳತೆಯಲ್ಲಿದೆ. ಮಳೆಗಾಲದ ಹಾಯಿದೋಣಿ ಸ್ಪರ್ಧೆಯ ದಿನಗಳು ಅವು. ಬಿಳಿ ಹಾಯಿಗಳನ್ನು ನೋಡಿ ಹುಡುಗ, "ಇವರು ಸಂಜೆಗೆ ಮನೆಗೆ ಹೋಗುತ್ತಾರಲ್ಲ ಮಾವ" ಎಂದ. ಮಾತು ನಿಜ. ಸಂಜೆಗೆ ದಡ ಸೇರುವ ದೋಣಿಗೂ, ಅದೇ ಮನೆಯಾಗಿರುವ ದೋಣಿಗೂ ವ್ಯತ್ಯಾಸವಿರುವುದು ಈ ಪೆಟ್ಟಿಗೆಯಲ್ಲಿಯೇ.

ಅಂಗಡಿಯವರು ಮೊದಲು ತೋರಿಸಿದ್ದು ನೂರಕ್ಕೂ ಮಿಕ್ಕ ಸಾಮಾನಿನ ಸೆಟ್ಟು. ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಅಚ್ಚಿನ ಹಾಸಿಗೆ. ನೋಡಲು ಮದುವೆಯ ಒಡವೆಯಂತಿತ್ತು. ಭಾವನವರು ಮಾತ್ರ ಊರಿನಿಂದ ಬೇರೆ ಬುದ್ಧಿ ಹೇಳಿ ಕಳಿಸಿದ್ದರು. ಅಂಗಡಿಗೆ ಹೋಗುವ ಮುಂಚೆ ಬೋಟಿಗೆ ಹೋಗು. ಎಂಜಿನ್, ಪಂಪು, ಚುಕ್ಕಾಣಿಯ ಒಂದೊಂದು ನಟ್ಟನ್ನೂ ಅಳೆದು ಬರೆದುಕೋ ಎಂದು. ಹುಡುಗ ಬರೆದು ತಂದ ಪಟ್ಟಿಯಲ್ಲಿ ಅಳತೆಗಳು ಒಂಬತ್ತೇ ಇದ್ದವು. ಹೀಗಾಗಿ ಒಂಬತ್ತು ಅಳತೆಯ ಒಳ್ಳೆಯ ರಿಂಗ್ ಸ್ಪ್ಯಾನರುಗಳನ್ನು ಕೊಂಡೆವು. ಇಲ್ಲಿಯವರು ಇದನ್ನೇ ಪಾನಾ ಎನ್ನುತ್ತಾರೆ. ಬಾಯಿ ತೆರೆದ ಪಾನಾ ನಟ್ಟಿನ ಎರಡು ಮೈಗಳನ್ನು ಮಾತ್ರ ಹಿಡಿಯುತ್ತದೆ. ರಿಂಗಾದರೋ ಸುತ್ತಲೂ ಅಪ್ಪಿಕೊಳ್ಳುತ್ತದೆ. ಬೋಟು ಹೊಯ್ದಾಡುವಾಗ ಜಾರಿ ಬೆರಳು ಜಜ್ಜಿಕೊಳ್ಳುವ ಭಯ ಕಡಿಮೆ. ಕೊಳವೆಗಳ ನಟ್ಟಿಗೆ ರಿಂಗ್ ತೂರದ ಕಡೆಗೆಂದು ಬಾಯಿ ತೆರೆದವು ಮೂರು. ಜೊತೆಗೆ ಪೈಪ್ ರೆಂಚು, ಕಚ್ಚಿ ಹಿಡಿಯುವ ಇಕ್ಕಳ, ಸುತ್ತಿಗೆ, ಅರ, ಹ್ಯಾಕ್ಸಾ, ಮತ್ತು ಬಲೆ ಹಗ್ಗ ಪ್ರೊಪೆಲರಿಗೆ ಸುತ್ತಿಕೊಂಡರೆ ಕೊಯ್ಯಲು ಹರಿತವಾದ ಚೂರಿ.

ಹತ್ಯಾರವಲ್ಲದ ಹತ್ಯಾರಗಳೂ ಕೆಲವಿವೆ. ಬೋಟಿನ ಮೈಯಲ್ಲಿ ನೀರು ಒಳಹೋಗಿ ಹೊರಬರುವ ಪ್ರತಿಯೊಂದು ತೂತಿಗೂ ಮೆತ್ತನೆಯ ಮರದ ಬಿರಡೆ ಬೇಕು. ಅದನ್ನು ಆ ತೂತಿನ ಪಕ್ಕದಲ್ಲೇ ದಾರದಿಂದ ಕಟ್ಟಿರಬೇಕು. ಕೊಳವೆ ಕಿತ್ತುಬಂದಾಗ ಹುಡುಕಲು ಸಮಯವಿರುವುದಿಲ್ಲ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ, ತಂತಿ, ಹೋಸ್ ಕ್ಲಿಪ್ಪು, ಬದಲಿ ಬೆಲ್ಟು, ಡೀಸೆಲ್ ಫಿಲ್ಟರು, ಇವೂ ಸೇರಿದವು.

ಕೊಳ್ಳುವುದು ಒಂದು ದಿನದ ಕೆಲಸ. ಇಡುವುದು ದಿನನಿತ್ಯದ ಕೆಲಸ. ಇಲ್ಲಿ ನಮ್ಮ ಮನೆಯವರ ಬುದ್ಧಿ ನಮ್ಮ ಪದವಿಗಿಂತ ಮುಂದೆ ಓಡಿತು. ಮಳೆಗಾಲದಲ್ಲಿ ಕಬ್ಬಿಣದ ಕಾವಲಿಯನ್ನು ತೊಳೆದು, ಒರೆಸಿ, ಎಣ್ಣೆ ಸವರಿ ಇಡದವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಹತ್ಯಾರಕ್ಕೂ ಅದೇ ಉಪಚಾರ: ಮೊದಲು ಸಿಹಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಅಡುಗೆ ಎಣ್ಣೆ ಕೆಲವು ದಿನಕ್ಕೆ ಅಂಟಾಗುವುದರಿಂದ ಮೆಷಿನ್ ಎಣ್ಣೆ ಎಂಬುದಷ್ಟೇ ನಮ್ಮ ತಿದ್ದುಪಡಿ. ಆ ಒಡವೆ ಪೆಟ್ಟಿಗೆಯ ಮೆತ್ತನೆಯ ಹಾಸು ಉಪ್ಪಿನ ತೇವವನ್ನು ಹೀರಿಕೊಂಡು ಬಿಡುವುದೇ ಇಲ್ಲ. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹಗಳು ಒಂದಕ್ಕೊಂದು ತಾಗಿದ್ದರೆ ಬ್ಯಾಟರಿಯೇ ಆಗುತ್ತದೆ, ಒಂದು ಲೋಹ ಕರಗುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದು ಇಷ್ಟು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು. ಹಿತ್ತಾಳೆಯ ಸಾಮಾನಿಗೆ ಬೇರೆ ಡಬ್ಬಿ.

ಸ್ಪ್ಯಾನರುಗಳಿಗಾಗಿ ಮನೆಯವರು ದಪ್ಪ ಕ್ಯಾನ್ವಾಸಿನಲ್ಲಿ ಜೇಬುಗಳ ಸುರುಳಿಯೊಂದನ್ನು ಹೊಲಿದರು. ಒಂದೊಂದು ಜೇಬಿನ ಮೇಲೂ ದಪ್ಪ ದಾರದ ಗಂಟುಗಳು: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ದೀಪವಿಲ್ಲದಾಗ ಬೆರಳು ಓದಬೇಕು. ಪ್ರತಿ ಹತ್ಯಾರಕ್ಕೂ ಮಣಿಕಟ್ಟಿಗೆ ಸಿಕ್ಕಿಸುವ ದಾರದ ಕುಣಿಕೆ, ಏಕೆಂದರೆ ಕೈಜಾರಿದ ಕಬ್ಬಿಣವನ್ನು ಸಮುದ್ರ ಹಿಂದಕ್ಕೆ ಕೊಡುವುದಿಲ್ಲ. ಸುರುಳಿಯ ಜಾಗ ಎಂಜಿನ್ ಹತ್ತಿರ, ಕೈಗೆ ಎಟಕುವಂತೆ, ಅದರ ಮೇಲೆ ಬಲೆಯನ್ನಾಗಲಿ ಅಕ್ಕಿಚೀಲವನ್ನಾಗಲಿ ಹಾಕಕೂಡದು. ಅಪರೂಪಕ್ಕೆ ಬೇಕಾಗುವ ಭಾರದ ಸಾಮಾನು ಕೆಳಗೆ, ನಡುಮಧ್ಯದಲ್ಲಿ, ತಳದ ನೀರು ತಾಗದಷ್ಟು ಮೇಲೆ. ದಿಕ್ಸೂಚಿಯ ಹತ್ತಿರ ಮಾತ್ರ ಏನನ್ನೂ ಇಡಕೂಡದು. ಪಕ್ಕದಲ್ಲಿ ಒಂದು ಸುತ್ತಿಗೆ ಇದ್ದರೂ ಮುಳ್ಳು ಸುಳ್ಳು ಹೇಳುತ್ತದೆ.

ಸಂಜೆ ಹೊತ್ತು ಹುಡುಗನಿಗೆ ನಾವು ಓದಿ ತಿಳಿದ ಸಂಗತಿಗಳನ್ನು ಹೇಳುತ್ತಿದ್ದೆವು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 'ಸುಹೇಲಿ' ಎಂಬ 32 ಅಡಿಯ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿಯನ್ನು ಸುತ್ತಿದರು. ದಾರಿಯಲ್ಲಿ ಮ್ಯಾಗ್ನೆಟೋದ ಸಂದನ್ನು ಅಳೆಯುವ ಗೇಜು ಅವರ ಬಳಿ ಇರಲಿಲ್ಲ. ಪುಸ್ತಕವೊಂದರ ಹಾಳೆಗಳನ್ನು ಎಣಿಸಿದರು: ಒಂದು ಅಂಗುಲಕ್ಕೆ ಇನ್ನೂರು. ಅಂದರೆ ಒಂದು ಹಾಳೆ ಅಂಗುಲದ ಸಾವಿರದಲ್ಲಿ ಐದು ಪಾಲು. ಗೇಜು ಸಿದ್ಧವಾಯಿತು! ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿಯವರು 2022-23ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ದೋಣಿಯನ್ನು ತಾನೇ ನಡೆಸುವ ಗಾಳಿಯಂತ್ರ ಮುರಿದಾಗ ಶೌಚಾಲಯದ ಬಾಗಿಲನ್ನು ಕೊಯ್ದು ದುರಸ್ತಿ ಮಾಡಿಕೊಂಡು ಎರಡನೆಯವರಾಗಿ ಗುರಿ ಮುಟ್ಟಿದರು. ಬಾಗಿಲು ಕೊಯ್ಯಲು ಗರಗಸ ಇತ್ತು ಎಂಬುದನ್ನು ಮರೆಯಬಾರದು.

ನಮ್ಮ ಹೈದರಾಬಾದಿನ ಐಶ್ವರ್ಯಾ ಬೊಡ್ಡಪಾಟಿಯವರೂ ಇದ್ದ ಆರು ಮಂದಿ ಮಹಿಳಾ ನೌಕಾಧಿಕಾರಿಗಳು 'ತಾರಿಣಿ'ಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟು 2018ರ ಮೇ 21ರಂದು ಮರಳಿದರು. ಕೊನೆಯ ಹಂತದಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟು, ಗೊತ್ತುಪಡಿಸಿರದ ಮಾರಿಷಸ್ಸಿನಲ್ಲಿ ನಿಲ್ಲಬೇಕಾಯಿತು. ಇದನ್ನು ಕೇಳಿದ ಹುಡುಗ, "ಹಾಗಾದರೆ ಎಲ್ಲವನ್ನೂ ನಾವೇ ರಿಪೇರಿ ಮಾಡಲಾಗುವುದಿಲ್ಲ ಅಲ್ಲವೇ ಮಾವ?" ಎಂದ. ಇಲ್ಲ. ಬಂದರು ಮುಟ್ಟುವವರೆಗೆ ಬೋಟನ್ನು ನಡೆಸಿಕೊಂಡು ಹೋಗುವಷ್ಟು ಸಾಕು. ಪೆಟ್ಟಿಗೆ ಇರುವುದು ಅಷ್ಟಕ್ಕೇ. ಈ ಮಾತು ಅವನಿಗಿಂತ ಹೆಚ್ಚಾಗಿ ನಮಗೇ ಸಮಾಧಾನ ಕೊಟ್ಟಿತು.

ಪಟ್ಟಿಯ ಒಂದು ಪ್ರತಿಯನ್ನು ಮುಚ್ಚಳದ ಒಳಮೈಗೆ ಅಂಟಿಸಿದೆವು, ಇನ್ನೊಂದು ನಮ್ಮಲ್ಲಿದೆ. ಆಗಸ್ಟಿನಲ್ಲಿ ಬೋಟು ಹೊರಟಿತು. ಮೂರನೆಯ ಸಲ ಮರಳಿದಾಗ ಹುಡುಗನ ಫೋನು ಬಂತು. ರಾತ್ರಿ ಎಂಜಿನ್ ನಿಂತಿತಂತೆ. ಅಪ್ಪನಿಗಾದ ಹಾಗೆಯೇ ಕೊಳವೆಯಲ್ಲಿ ಗಾಳಿ. "ನಾಲ್ಕು ಗಂಟಿನ ಜೇಬು, ಅತ್ತೆಗೆ ಹೇಳಿ" ಎಂದ. ಹದಿನೈದು ನಿಮಿಷದಲ್ಲಿ ಎಂಜಿನ್ ಮತ್ತೆ ಹೊತ್ತಿಕೊಂಡಿತಂತೆ. ಮಲಗಿದ್ದವರಲ್ಲಿ ಇಬ್ಬರು ಎದ್ದೇ ಇರಲಿಲ್ಲವಂತೆ.

ತಂಗಿಗೆ ಈ ಸುದ್ದಿಯನ್ನು ಹೇಳಬೇಕೋ ಬೇಡವೋ ಎಂದು ನಾವು ಒಂದು ದಿನವೆಲ್ಲ ಚರ್ಚಿಸಿದೆವು. ಕೊನೆಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಣ್ಣೆ ಸವರುತ್ತಿದ್ದಾನಂತೋ?" ಎಂದು ಮಾತ್ರ ಕೇಳಿದಳು.